ಹೇಳದ ಮಾತಿನಲ್ಲಿ ಅಡಗಿದ ಒಗಟುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ, ಬೇಲೂರು ತಾಲ್ಲೂಕಿನ ನಮ್ಮೂರಿನ ಗ್ರಂಥಾಲಯದ ಜಗಲಿಯಲ್ಲಿ ಹತ್ತಾರು ಜನ ಕುಳಿತು ತರ್ಕದ ಒಗಟುಗಳನ್ನು ಬಿಡಿಸುವ ರೂಢಿ ಹಲವು ವರ್ಷಗಳಿಂದ ನಡೆದು ಬಂದಿದೆ. ಅಲ್ಲಿಗೆ ಏಳನೆಯ ತರಗತಿಯ ಮಕ್ಕಳು ಬರುತ್ತಾರೆ, ಕಾಫಿ ತೋಟದ ಲೆಕ್ಕಪತ್ರ ಬರೆಯುವ ರೈಟರು ಬರುತ್ತಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯುವಕ ಯುವತಿಯರು ಬರುತ್ತಾರೆ. ಬರಲಾಗದವರು ಮೂಡಿಗೆರೆ, ಅರಸೀಕೆರೆ, ಚಿಕ್ಕಮಗಳೂರಿನ ಕಡೆಯಿಂದ ಪತ್ರ ಬರೆಯುತ್ತಾರೆ. ಶಾಲೆಯಲ್ಲಿ ಗಣಿತ ಕಲಿಸುವ ನನಗೆ ಇವರೆಲ್ಲರೂ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟು, ಸುಲಭದಿಂದ ಕಠಿಣದ ಕಡೆಗೆ ಜೋಡಿಸಿ, ಇಲ್ಲಿ ಉತ್ತರಿಸಿದ್ದೇನೆ.

## ಮೊದಲ ಮೆಟ್ಟಿಲು

ಒಗಟು ಅಂದ್ರೆ "ಅಜ್ಜಿಗೆ ಮೈಯೆಲ್ಲಾ ಕಜ್ಜಿ" ಅನ್ನೋ ಥರದ್ದಲ್ವಾ ಮೇಷ್ಟ್ರೇ? ನೀವು ಹೇಳೋದು ಬೇರೆಯಾ?

ಬೇರೆ, ಆದರೆ ದೂರದ್ದಲ್ಲ. "ಅಜ್ಜಿಗೆ ಮೈಯೆಲ್ಲಾ ಕಜ್ಜಿ" ಎಂದಾಗ ಅಲ್ಲಿ ಅಜ್ಜಿಯೂ ಇಲ್ಲ, ಕಜ್ಜಿಯೂ ಇಲ್ಲ. ಇರುವುದು ಹಲಸಿನ ಹಣ್ಣು. ಜನಪದ ಒಗಟು ಹೋಲಿಕೆಯ ಮೇಲೆ ನಿಂತಿದೆ. ದಾಸರ ಮುಂಡಿಗೆಗಳೂ ಶರಣರ ಬೆಡಗಿನ ವಚನಗಳೂ ಅದೇ ಹೋಲಿಕೆಯನ್ನು ಇನ್ನೂ ಆಳಕ್ಕೆ ಒಯ್ಯುತ್ತವೆ. ತರ್ಕದ ಒಗಟಿನಲ್ಲಿ ಹಾಗಲ್ಲ. ಅಲ್ಲಿ ಅಜ್ಜಿ ಎಂದರೆ ಅಜ್ಜಿಯೇ. ಹೇಳಿದ ಪ್ರತಿಯೊಂದು ಮಾತೂ ಅಕ್ಷರಶಃ ನಿಜ. ಕೇಳುವವನು ತನಗೆ ತಿಳಿಯದಂತೆ ಒಂದು ಮಾತನ್ನು ಸೇರಿಸಿಕೊಳ್ಳುತ್ತಾನೆ, ಆ ಸೇರಿಸಿಕೊಂಡ ಮಾತು ಸುಳ್ಳಾಗಿರುತ್ತದೆ.

"ಅಡಗಿದ ಊಹೆ" ಅಂತ ಪದೇ ಪದೇ ಅಂತೀರಲ್ಲ, ಒಂದು ಉದಾಹರಣೆಯಲ್ಲಿ ತೋರಿಸಿ.

ಇಬ್ಬರು ತಂದೆಯರು ಮತ್ತು ಇಬ್ಬರು ಗಂಡುಮಕ್ಕಳು ಊಟಕ್ಕೆ ಕುಳಿತರು. ಇದ್ದದ್ದು ಮೂರೇ ರೊಟ್ಟಿ. ಒಬ್ಬೊಬ್ಬರಿಗೂ ಒಂದೊಂದು ಇಡೀ ರೊಟ್ಟಿ ಸಿಕ್ಕಿತು. ಇದು ಹೇಗೆ? ಕುಳಿತವರು ಅಜ್ಜ, ಅಪ್ಪ ಮತ್ತು ಮೊಮ್ಮಗ. ನಡುವಿನವನು ತಂದೆಯೂ ಹೌದು, ಮಗನೂ ಹೌದು. ಒಗಟು ಎಲ್ಲಿಯೂ "ನಾಲ್ವರು" ಎಂದು ಹೇಳಲಿಲ್ಲ. ಎರಡು ಮತ್ತು ಎರಡನ್ನು ಕೂಡಿಸಿ ನಾಲ್ಕು ಮಾಡಿದವರು ನಾವು. "ತಂದೆ ಎನಿಸಿಕೊಂಡವನು ಮಗ ಎನಿಸಿಕೊಂಡವನಿಂದ ಬೇರೆಯವನಾಗಿರಬೇಕು" ಎಂಬುದೇ ಇಲ್ಲಿ ಅಡಗಿದ ಊಹೆ.

ಇನ್ನೊಂದನ್ನು ಬಸ್ಸಿನಲ್ಲಿ ಬರುವವರಿಗೆ ಕೇಳುತ್ತೇನೆ. ಹಾಸನದಿಂದ ಚಿಕ್ಕಮಗಳೂರಿಗೆ ಒಂದು ಬಸ್ಸು, ಚಿಕ್ಕಮಗಳೂರಿನಿಂದ ಹಾಸನಕ್ಕೆ ಇನ್ನೊಂದು ಬಸ್ಸು ಏಕಕಾಲಕ್ಕೆ ಹೊರಟವು. ಹಾಸನದ ಬಸ್ಸಿನ ವೇಗ ಹೆಚ್ಚು. ಎದುರುಬದುರಾದ ಕ್ಷಣದಲ್ಲಿ ಹಾಸನಕ್ಕೆ ಹತ್ತಿರವಿರುವ ಬಸ್ಸು ಯಾವುದು? ಎದುರುಬದುರಾದಾಗ ಎರಡೂ ಒಂದೇ ಜಾಗದಲ್ಲಿರುತ್ತವೆ, ಆದ್ದರಿಂದ ಎರಡೂ ಸಮದೂರದಲ್ಲಿವೆ. ವೇಗವನ್ನು ಹೇಳಿದ್ದರಿಂದ ಅದು ಲೆಕ್ಕಕ್ಕೆ ಬೇಕಾಗಿಯೇ ಇರಬೇಕೆಂದು ನಾವು ನಂಬಿಬಿಡುತ್ತೇವೆ.

ತಕ್ಷಣ ಹೊಳೆಯೋ ಉತ್ತರ ಯಾವಾಗ್ಲೂ ತಪ್ಪೇ ಆಗುತ್ತೆ. ಯಾಕೆ ಹೀಗೆ?

ಯಾವಾಗಲೂ ತಪ್ಪಾಗುವುದಿಲ್ಲ; ತಪ್ಪಾದದ್ದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಆದರೂ ಈ ಪ್ರಶ್ನೆಯ ಹಿಂದೆ ನಿಜವಾದ ಒಂದು ಸಂಗತಿ ಇದೆ. ಕಾಫಿ ಫಿಲ್ಟರು ಮತ್ತು ಲೋಟ ಸೇರಿ 1,100 ರೂಪಾಯಿ. ಲೋಟಕ್ಕಿಂತ ಫಿಲ್ಟರಿನ ಬೆಲೆ 1,000 ರೂಪಾಯಿ ಹೆಚ್ಚು. ಲೋಟದ ಬೆಲೆ ಎಷ್ಟು? ನೂರು ಎಂಬ ಉತ್ತರ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಲೋಟ ನೂರಾದರೆ ಫಿಲ್ಟರು 1,100 ಆಗಬೇಕು, ಒಟ್ಟು 1,200 ಆಗಿಬಿಡುತ್ತದೆ. ಸರಿಯಾದ ಉತ್ತರ 50. ಬ್ಯಾಟು ಮತ್ತು ಚೆಂಡಿನ ರೂಪದಲ್ಲಿ ಈ ಲೆಕ್ಕವನ್ನು ಶೇನ್ ಫ್ರೆಡೆರಿಕ್ ಅವರು 2005ರಲ್ಲಿ ಪ್ರಕಟಿಸಿದ ಮೂರು ಪ್ರಶ್ನೆಗಳ ಪರೀಕ್ಷೆಯಲ್ಲಿ ಇಟ್ಟಿದ್ದರು. ಮನಸ್ಸು "1,000 ಹೆಚ್ಚು" ಎಂಬುದನ್ನು "1,000" ಎಂದು ಓದಿಕೊಂಡು, ಸುಲಭವಾದ ಪ್ರಶ್ನೆಯೊಂದನ್ನು ತಾನೇ ಕೇಳಿಕೊಂಡು, ಅದಕ್ಕೆ ಸರಿಯಾಗಿಯೇ ಉತ್ತರಿಸುತ್ತದೆ. ಹೊಳೆದ ಉತ್ತರವನ್ನು ಬೈದು ದೂರ ತಳ್ಳಬೇಕಾಗಿಲ್ಲ. ಅದನ್ನು ಒಗಟಿನೊಳಗೆ ಮತ್ತೆ ಇಟ್ಟು, ಎಲ್ಲ ಮಾತುಗಳೂ ಹೊಂದುತ್ತವೆಯೇ ಎಂದು ತಾಳೆ ನೋಡಿದರೆ ಸಾಕು.

ನಂಗೆ ಗಣಿತ ಬರಲ್ಲ. ನಾನೂ ಬರಬಹುದಾ?

ಬರಬೇಕು. ಈ ಬಗೆಯ ಒಗಟುಗಳಲ್ಲಿ ಹೆಚ್ಚಿನವಕ್ಕೆ ಕೂಡುವ ಕಳೆಯುವ ಲೆಕ್ಕದ ಆಚೆಗೆ ಏನೂ ಬೇಡ. ಬೇಕಾಗಿರುವುದು ನಿಧಾನವಾಗಿ ಓದುವ ಅಭ್ಯಾಸ.

## ಬಿಡಿಸುವ ಬಗೆ

ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ. ಸುಮ್ನೆ ನೋಡ್ತಾ ಕೂತ್ಬಿಡ್ತೀನಿ.

ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ಒಗಟು ಹೇಳಿದ ಮಾತುಗಳನ್ನು ಮಾತ್ರ, ಒಂದು ಪದವನ್ನೂ ಬದಲಿಸದೆ ಬರೆಯಿರಿ. ಬಲಗಡೆ ನಿಮ್ಮ ಮನಸ್ಸಿನ ಚಿತ್ರದಲ್ಲಿ ಇರುವುದನ್ನೆಲ್ಲ ಬರೆಯಿರಿ: ಎಷ್ಟು ಜನ, ಗಂಡೋ ಹೆಣ್ಣೋ, ಹಗಲೋ ರಾತ್ರಿಯೋ, ಯಾವ ಕ್ರಮದಲ್ಲಿ ನಡೆಯಿತು, ಏನನ್ನು ಮಾಡಬಾರದೆಂದು ಅನಿಸುತ್ತಿದೆ. ಬಲಗಡೆ ಇದ್ದು ಎಡಗಡೆ ಇಲ್ಲದಿರುವ ಪ್ರತಿಯೊಂದೂ ನಿಮ್ಮದೇ ಸೇರ್ಪಡೆ. ಆಮೇಲೆ ಒಂದೊಂದನ್ನಾಗಿ ಅಳಿಸಿ ನೋಡಿ.

ಹೇಮಾವತಿಯ ದಡದಲ್ಲಿ ಒಬ್ಬನ ಬಳಿ ಹುಲಿ, ಮೇಕೆ ಮತ್ತು ಹುಲ್ಲಿನ ಹೊರೆ ಇವೆ. ತೆಪ್ಪದಲ್ಲಿ ತನ್ನ ಜೊತೆಗೆ ಒಂದನ್ನು ಮಾತ್ರ ಸಾಗಿಸಬಹುದು. ಅವನಿಲ್ಲದಾಗ ಹುಲಿ ಮೇಕೆಯನ್ನೂ ಮೇಕೆ ಹುಲ್ಲನ್ನೂ ತಿನ್ನುತ್ತದೆ. ಮೇಕೆಯನ್ನು ಮೊದಲು ದಾಟಿಸಬೇಕೆಂಬುದು ಎಲ್ಲರಿಗೂ ಹೊಳೆಯುತ್ತದೆ, ಆಮೇಲೆ ದಾರಿ ಕಟ್ಟುತ್ತದೆ. ಬಲಗಡೆಯ ಪಟ್ಟಿಯಲ್ಲಿ "ಒಮ್ಮೆ ದಾಟಿಸಿದ್ದನ್ನು ವಾಪಸು ತರಬಾರದು" ಎಂಬ ಸಾಲು ಇರುತ್ತದೆ, ಅದನ್ನು ಯಾರೂ ಹೇಳಿರುವುದಿಲ್ಲ. ಹುಲಿಯನ್ನು ದಾಟಿಸಿ, ಮೇಕೆಯನ್ನು ಹಿಂದಕ್ಕೆ ಕರೆತಂದು, ಹುಲ್ಲನ್ನು ಒಯ್ದು, ಕಡೆಗೆ ಮೇಕೆಗಾಗಿ ಬಂದರೆ ಒಟ್ಟು ಏಳು ಸಲ ಹೊಳೆ ದಾಟುವಲ್ಲಿ ಕೆಲಸ ಮುಗಿಯುತ್ತದೆ. 8ನೆಯ ಶತಮಾನದ ಅಲ್ಕ್ವಿನ್ ಅವರ ಹೆಸರಿನಲ್ಲಿ ಉಳಿದಿರುವ ಲ್ಯಾಟಿನ್ ಸಂಗ್ರಹದಲ್ಲಿ ಇದೇ ಲೆಕ್ಕ ತೋಳ, ಮೇಕೆ, ಕೋಸಿನ ರೂಪದಲ್ಲಿದೆ.

ಒಂಬತ್ತು ಚುಕ್ಕಿ ಒಗಟಲ್ಲಿ "ಗೆರೆ ಹೊರಗೆ ಹೋಗ್ಬಹುದು" ಅಂತ ಸುಳಿವು ಕೊಟ್ಟ ಮೇಲೂ ನಂಗೆ ಬರಲಿಲ್ಲ. ನನ್ನ ತಲೇಲೇ ಏನೋ ಕೊರತೆ ಇದೆಯಾ?

ಖಂಡಿತ ಇಲ್ಲ. ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಚುಕ್ಕಿಗಳನ್ನು ಕೈ ಎತ್ತದೆ ನಾಲ್ಕೇ ನೇರ ಗೆರೆಗಳಲ್ಲಿ ಜೋಡಿಸಬೇಕೆಂಬ ಈ ಒಗಟು ಸ್ಯಾಮ್ ಲಾಯ್ಡ್ ಅವರ 1914ರ ಸಂಗ್ರಹದಲ್ಲಿ ಇದೆ. ಚುಕ್ಕಿಗಳು ಚೌಕವಾಗಿ ಕಾಣುವುದರಿಂದ ಗೆರೆ ಆ ಚೌಕದ ಒಳಗೇ ಇರಬೇಕೆಂದು ನಾವು ಭಾವಿಸುತ್ತೇವೆ ಎಂಬುದು ಎಲ್ಲರೂ ಕೊಡುವ ವಿವರಣೆ. ಆದರೆ ವೈಸ್‌ಬರ್ಗ್ ಮತ್ತು ಆಲ್ಬಾ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1981ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೊರಗೆ ಹೋಗಬಹುದೆಂದು ಬಾಯಿಬಿಟ್ಟು ಹೇಳಿದ ಮೇಲೂ ಬಹುಪಾಲು ಜನ ಬಿಡಿಸಲಾಗದೆ ಉಳಿದರು. ಅಡಗಿದ ಊಹೆಯನ್ನು ಕಂಡುಕೊಳ್ಳುವುದು ಬೀಗ ತೆಗೆದಂತೆ. ಕೋಣೆಯೊಳಗೆ ಹುಡುಕುವ ಕೆಲಸ ಇನ್ನೂ ಬಾಕಿ ಇರುತ್ತದೆ.

ನಮ್ಮ ಜಗಲಿಯಲ್ಲಿ ಇದನ್ನು ಕಾಗದದ ಮೇಲೆ ಕೊಡದೆ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಚುಕ್ಕಿ ಇಟ್ಟು ಕೊಡುತ್ತೇವೆ. ಏಳನೆಯ ತರಗತಿಯ ಒಬ್ಬ ಹುಡುಗಿ ಮೇಲಿನ ಸಾಲಿನ ಮೂರು ಚುಕ್ಕಿಗಳ ಮೇಲೆ ಪುಡಿ ಬಿಡುತ್ತಾ ಹೋಗಿ, ಕೊನೆಯ ಚುಕ್ಕಿಯಲ್ಲಿ ನಿಲ್ಲಿಸದೆ ಇನ್ನೂ ಒಂದು ಗೇಣು ಮುಂದಕ್ಕೆ ಎಳೆದಳು. ಏಕೆ ಎಂದು ಕೇಳಿದಾಗ, ಎಳೆ ರಂಗೋಲಿಯಲ್ಲಿ ತಿರುವು ಯಾವಾಗಲೂ ಚುಕ್ಕಿಯ ಆಚೆಗೇ ಬರುತ್ತದೆ ಎಂದಳು. ಅಲ್ಲಿಂದ ಓರೆಯಾಗಿ ಎಡಕ್ಕಿಳಿದು, ನಡುಸಾಲಿನ ಬಲಚುಕ್ಕಿ ಮತ್ತು ಕೆಳಸಾಲಿನ ನಡುಚುಕ್ಕಿಯನ್ನು ಮುಟ್ಟಿ, ಚೌಕದ ಕೆಳಗೆ ಎಡ ಅಂಚಿನ ನೇರಕ್ಕೆ ಬಂದು, ಅಲ್ಲಿಂದ ಮೇಲಕ್ಕೆ ಎಡಸಾಲನ್ನು ಮುಗಿಸಿ, ಮೊದಲ ಚುಕ್ಕಿಯಿಂದ ಕರ್ಣವಾಗಿ ಇಳಿದರೆ ಒಂಬತ್ತೂ ಸಿಗುತ್ತವೆ. ಆಕೆಗೂ ಮೂರನೆಯ ಗೆರೆ ಸಿಗಲು ಕಾಲು ಗಂಟೆ ಹಿಡಿಯಿತು.

ಲೆಕ್ಕದಲ್ಲಿ ಕೊಟ್ಟ ಮಾಹಿತಿ ಸಾಲದು ಅನ್ಸಿದ್ರೆ ಏನು ಮಾಡೋದು?

ಸಾಲದು ಎನಿಸುವುದೇ ಕೆಲವೊಮ್ಮೆ ಅಡಗಿದ ಊಹೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಒಬ್ಬರು ಬೆಳಗ್ಗೆ ಆರಕ್ಕೆ ಬುಡದಿಂದ ಹೊರಟು, ಅಲ್ಲಲ್ಲಿ ಕುಳಿತು ಸುಧಾರಿಸಿಕೊಂಡು, ಸಂಜೆ ಆರಕ್ಕೆ ತುದಿ ಮುಟ್ಟಿದರು. ಮರುದಿನ ಬೆಳಗ್ಗೆ ಆರಕ್ಕೆ ಅದೇ ದಾರಿಯಲ್ಲಿ ಇಳಿಯಲು ಹೊರಟು ಸಂಜೆಯೊಳಗೆ ಬುಡ ಸೇರಿದರು. ಎರಡು ದಿನವೂ ಒಂದೇ ಹೊತ್ತಿಗೆ ಅವರು ಇದ್ದಂತಹ ಜಾಗವೊಂದು ಆ ದಾರಿಯಲ್ಲಿ ಇರಲೇಬೇಕೇ? ನಡೆದ ವೇಗ ಗೊತ್ತಿಲ್ಲದೆ ಹೇಗೆ ಹೇಳುವುದೆಂದು ಎಲ್ಲರೂ ಕೈ ಚೆಲ್ಲುತ್ತಾರೆ. ಎರಡೂ ನಡಿಗೆಗಳನ್ನು ಒಂದೇ ದಿನಕ್ಕೆ ತಂದು, ಒಬ್ಬರು ಹತ್ತುತ್ತಿದ್ದಾರೆ, ಇನ್ನೊಬ್ಬರು ಇಳಿಯುತ್ತಿದ್ದಾರೆ ಎಂದು ಭಾವಿಸಿ. ಒಂದೇ ಕಾಲುದಾರಿಯಲ್ಲಿ ಅವರು ಎಲ್ಲೋ ಒಂದು ಕಡೆ ಎದುರಾಗಲೇಬೇಕು. ಆ ಜಾಗ ಯಾವುದೆಂದು ಹೇಳಲಾಗದು, ಆದರೆ ಇದೆ ಎಂದು ಖಚಿತವಾಗಿ ಹೇಳಬಹುದು, ಕೇಳಿದ್ದೂ ಅಷ್ಟನ್ನೇ.

ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಬೆಟ್ಟಕ್ಕೆ 20 ಕಿಲೋಮೀಟರ್ ದಾರಿಯನ್ನು ಗಂಟೆಗೆ 20ರ ವೇಗದಲ್ಲಿ ಹತ್ತಿದಿರಿ. ಹೋಗಿ ಬರುವ ಒಟ್ಟು ಪ್ರಯಾಣದ ಸರಾಸರಿ 40 ಆಗಬೇಕಾದರೆ ಎಷ್ಟು ವೇಗದಲ್ಲಿ ಇಳಿಯಬೇಕು? ಅರವತ್ತು ಎನ್ನುವವರೇ ಹೆಚ್ಚು. ಒಟ್ಟು 40 ಕಿಲೋಮೀಟರನ್ನು ಗಂಟೆಗೆ 40ರಂತೆ ಮುಗಿಸಲು ಒಂದು ಗಂಟೆ ಬೇಕು, ಆ ಒಂದು ಗಂಟೆ ಹತ್ತುವುದರಲ್ಲೇ ಕಳೆದುಹೋಗಿದೆ. ಯಾವ ವೇಗವೂ ಸಾಲದು. ಪ್ರಶ್ನೆ ಕೇಳಿದ ಮೇಲೆ ಉತ್ತರ ಇರಲೇಬೇಕೆಂಬ ನಂಬಿಕೆಯೂ ಒಂದು ಊಹೆಯೇ.

ಲಾಡ್ಜಿನ ಲೆಕ್ಕದಲ್ಲಿ ಆ ಹತ್ತು ರೂಪಾಯಿ ಎಲ್ಲಿ ಹೋಯ್ತು ಅಂತ ಇನ್ನೂ ಅರ್ಥ ಆಗಿಲ್ಲ.

ಮೂವರು ಗೆಳೆಯರು ತಲಾ 100ರಂತೆ 300 ಕೊಟ್ಟರು. ಬಾಡಿಗೆ 250 ಮಾತ್ರವೆಂದು ಮಾಲೀಕ 50ನ್ನು ಹುಡುಗನ ಕೈಯಲ್ಲಿ ಹಿಂದಕ್ಕೆ ಕಳಿಸಿದ. ಹುಡುಗ ತಲಾ 10 ಕೊಟ್ಟು 20ನ್ನು ತಾನಿಟ್ಟುಕೊಂಡ. "ಕೊಟ್ಟದ್ದು 270, ಹುಡುಗನ ಬಳಿ 20, ಒಟ್ಟು 290, ಉಳಿದ ಹತ್ತು ಎಲ್ಲಿ?" ಎಂಬ ಪ್ರಶ್ನೆಯಲ್ಲಿ ಆ ಎರಡನ್ನು ಕೂಡಿಸಬೇಕೆಂಬ ಊಹೆಯನ್ನು ಪ್ರಶ್ನೆ ಕೇಳಿದವನೇ ನಮ್ಮ ಕೈಗೆ ಇಡುತ್ತಾನೆ. 270ರ ಒಳಗೇ ಆ 20 ಇದೆ: ಮಾಲೀಕನಿಗೆ 250, ಹುಡುಗನಿಗೆ 20. ಕೂಡಿಸಿದರೆ ಅದನ್ನು ಎರಡು ಸಲ ಎಣಿಸಿದಂತಾಗುತ್ತದೆ. ಯಾವುದೂ ಕಳೆದುಹೋಗಿಲ್ಲ.

ನೂರಾರು ಒಗಟು ಬಿಡ್ಸಿದ್ದೀನಿ ಸಾರ್, ಆದ್ರೂ ಸುಲಭದ್ದರಲ್ಲೇ ಎಡವ್ತೀನಿ. ಯಾಕೆ?

ಅಭ್ಯಾಸ ಕೈ ಹಿಡಿದು ನಡೆಸುತ್ತದೆ, ಕೆಲವೊಮ್ಮೆ ಹಳೆಯ ದಾರಿಗೇ ಎಳೆಯುತ್ತದೆ. ಅಬ್ರಹಾಂ ಲುಚಿನ್ಸ್ ಅವರು 1942ರಲ್ಲಿ ಪ್ರಕಟಿಸಿದ ನೀರಿನ ಪಾತ್ರೆಗಳ ಪ್ರಯೋಗ ಇದಕ್ಕೆ ಒಳ್ಳೆಯ ನಿದರ್ಶನ. ಅದನ್ನು ನಾವು ಹಾಲಿನ ಕ್ಯಾನುಗಳಿಗೆ ಬದಲಿಸಿಕೊಂಡಿದ್ದೇವೆ. 21, 127 ಮತ್ತು 3 ಲೀಟರಿನ ಕ್ಯಾನುಗಳಿಂದ 100 ಲೀಟರ್ ಅಳೆಯಬೇಕು. ದೊಡ್ಡದನ್ನು ತುಂಬಿ, ಒಮ್ಮೆ 21, ಎರಡು ಸಲ 3 ತೆಗೆದರೆ ಆಯಿತು. ಇದೇ ಉಪಾಯಕ್ಕೆ ಬಗ್ಗುವ ನಾಲ್ಕಾರು ಲೆಕ್ಕಗಳನ್ನು ಕೊಟ್ಟ ಮೇಲೆ, 23, 49, 3ರ ಕ್ಯಾನುಗಳಿಂದ 20 ಲೀಟರ್ ಅಳೆಯಲು ಹೇಳಿ. ಅಭ್ಯಾಸ ಬಿದ್ದವರು 49ರಿಂದ 23ನ್ನೂ ಎರಡು ಸಲ 3ನ್ನೂ ತೆಗೆಯುತ್ತಾರೆ. 23ರಿಂದ 3 ತೆಗೆದರೆ ಸಾಕೆಂಬುದು ಅವರ ಕಣ್ಣಿಗೆ ಬೀಳುವುದಿಲ್ಲ. ಒಂದೇ ಬಗೆಯ ಒಗಟುಗಳನ್ನು ಸಾಲಾಗಿ ಬಿಡಿಸಬೇಡಿ, ಬೆರೆಸಿ ಬಿಡಿಸಿ ಎಂಬುದು ನನ್ನ ಸಲಹೆ.

## ಭಾಷೆ, ನ್ಯಾಯ, ಪರೀಕ್ಷೆ

ಡಾಕ್ಟರ್ ಒಗಟನ್ನ ಮನೇಲಿ ಕನ್ನಡದಲ್ಲಿ ಹೇಳ್ದೆ, ಎಲ್ರೂ ತಕ್ಷಣ ಉತ್ತರ ಹೇಳ್ಬಿಟ್ರು. ಎಲ್ಲಿ ಕೆಡ್ತು?

ಬಹುಶಃ ಕ್ರಿಯಾಪದದಲ್ಲಿ ಕೆಟ್ಟಿತು. ಘಾಟಿಯಲ್ಲಿ ಅಪಘಾತವಾಗಿ ತಂದೆ ಸ್ಥಳದಲ್ಲೇ ತೀರಿಕೊಂಡರು. ಮಗನನ್ನು ಆಸ್ಪತ್ರೆಗೆ ತಂದಾಗ ವೈದ್ಯರು "ಇವನಿಗೆ ನಾನು ಶಸ್ತ್ರಚಿಕಿತ್ಸೆ ಮಾಡಲಾರೆ, ಇವನು ನನ್ನ ಮಗ" ಎಂದರು. ವೈದ್ಯರು ತಾಯಿ ಎಂಬುದು ಉತ್ತರ, "ವೈದ್ಯರೆಂದರೆ ಗಂಡಸು" ಎಂಬುದು ಅಡಗಿದ ಊಹೆ. "ಡಾಕ್ಟ್ರು ಅಂದ್ಳು" ಎಂದರೆ ಒಗಟು ಅಲ್ಲಿಗೇ ಒಡೆಯಿತು. "ಅಂದ" ಎಂದರೆ ಅದು ಸುಳ್ಳಾಯಿತು. ಕನ್ನಡದಲ್ಲಿ ಪ್ರಥಮ ಪುರುಷದ ಏಕವಚನ ಲಿಂಗವನ್ನು ಬಿಟ್ಟುಕೊಡುತ್ತದೆ, ಗೌರವದ ಬಹುವಚನ ಮುಚ್ಚಿಡುತ್ತದೆ. "ಎಂದರು" ಎಂಬ ಒಂದು ಮರ್ಯಾದೆಯ ರೂಪವೇ ಈ ಒಗಟನ್ನು ಉಳಿಸುತ್ತದೆ. "ಮಾಡಲಾರೆ" ಎಂಬ ಉತ್ತಮ ಪುರುಷದ ರೂಪದಲ್ಲೂ ಲಿಂಗ ತೋರುವುದಿಲ್ಲ. ಊರಿನ ಆಸ್ಪತ್ರೆಯಲ್ಲಿ ವೈದ್ಯರಾಗಿ ಹೆಣ್ಣುಮಕ್ಕಳನ್ನೇ ನೋಡಿ ಬೆಳೆದ ಮಕ್ಕಳಿಗೆ ಇದು ಒಗಟಾಗಿ ಉಳಿದೇ ಇಲ್ಲ ಎಂಬುದನ್ನೂ ಸಂತೋಷದಿಂದ ಹೇಳಬೇಕು.

ಸಂಬಂಧವಾಚಕಗಳಲ್ಲಿಯೂ ಇದೇ ಎಚ್ಚರ ಬೇಕು. ಇಂಗ್ಲಿಷಿನಲ್ಲಿ ಒಂದೇ ಪದವಾಗಿರುವುದು ನಮ್ಮಲ್ಲಿ ಅಣ್ಣ ಮತ್ತು ತಮ್ಮ ಎಂದು ಒಡೆಯುತ್ತದೆ. "ತೋಟದ ರೈಟರೊಬ್ಬರಿಗೆ ಮೂಡಿಗೆರೆಯಲ್ಲಿ ತಮ್ಮನಿದ್ದಾನೆ, ಆ ತಮ್ಮನಿಗೆ ಅಣ್ಣಂದಿರೇ ಇಲ್ಲ" ಎಂದು ನಾವು ಕೇಳುತ್ತೇವೆ. ರೈಟರು ಅಕ್ಕ ಎಂದು ಹೊಳೆಯಲು ದೊಡ್ಡವರಿಗೂ ಹೊತ್ತು ಹಿಡಿಯುತ್ತದೆ.

ಕೆಲವು ಒಗಟು ಕೇಳಿದ್ರೆ "ಇದು ಮೋಸ" ಅನ್ಸುತ್ತೆ. ನ್ಯಾಯವಾದ ಒಗಟು ಅಂತ ಹೇಗೆ ಗುರುತಿಸೋದು?

ಉತ್ತರ ತಿಳಿದ ಮೇಲೆ ಒಗಟನ್ನು ಮತ್ತೆ ಮೊದಲಿಂದ ಓದಿ. ಪ್ರತಿಯೊಂದು ವಾಕ್ಯವೂ ಆ ಉತ್ತರದೊಂದಿಗೆ ನಿಜವಾಗಿಯೇ ಉಳಿದರೆ, ಮತ್ತು ಅಷ್ಟೇ ಚೆನ್ನಾಗಿ ಹೊಂದುವ ಇನ್ನೊಂದು ಉತ್ತರ ಇಲ್ಲದಿದ್ದರೆ, ಅದು ನ್ಯಾಯವಾದ ಒಗಟು. ಸಕಲೇಶಪುರದ ಜಡಿಮಳೆಯಲ್ಲಿ ಕೊಡೆಯಿಲ್ಲದೆ ನಡೆದವನ ತಲೆಯ ಒಂದು ಕೂದಲೂ ನೆನೆಯಲಿಲ್ಲ, ಏಕೆಂದರೆ ಅವನ ತಲೆ ಬೋಳು ಎಂಬುದು ಮೊದಲ ಅಳತೆಗೆ ನಿಲ್ಲುತ್ತದೆ, ಎರಡನೆಯದಕ್ಕೆ ಪೂರ್ತಿ ನಿಲ್ಲುವುದಿಲ್ಲ. ಅವನು ಗೊರಬು ಹೊದ್ದಿದ್ದ ಎಂದು ಯಾರಾದರೂ ಹೇಳಿದರೆ ತಳ್ಳಿಹಾಕಲು ಕಾರಣವಿಲ್ಲ. ಎರಡೂ ಉತ್ತರಗಳನ್ನು ನಾನು ಒಪ್ಪುತ್ತೇನೆ.

ಎಲ್ಲವನ್ನೂ ಅನುಮಾನಿಸುವುದೂ ತಪ್ಪು. ಹೊಳೆ ದಾಟುವ ಒಗಟಿಗೆ "ಸೇತುವೆಯ ಮೇಲೆ ಹೋಗಲಿ" ಎಂದು ಉತ್ತರಿಸಿದವನು ಊಹೆಯನ್ನು ಮೀರಲಿಲ್ಲ, ಒಗಟನ್ನೇ ಬಿಟ್ಟು ಎದ್ದುಹೋದ.

ಬ್ಯಾಂಕ್ ಪರೀಕ್ಷೇಲಿ "ಹೇಳಿಕೆ ಮತ್ತು ಊಹೆ" ಅಂತ ಪ್ರಶ್ನೆ ಬರುತ್ತಲ್ಲ, ಅದಕ್ಕೆ ಇದು ಉಪಯೋಗ ಆಗುತ್ತಾ?

ಆಗುತ್ತದೆ, ಕ್ರಮವನ್ನು ತಿರುಗಿಸಿಕೊಳ್ಳಬೇಕು ಅಷ್ಟೆ. ಅಲ್ಲಿ ಊಹೆಯನ್ನು ಕಿತ್ತು ನೋಡಬೇಕು: ಅದು ಸುಳ್ಳೆಂದು ಇಟ್ಟುಕೊಂಡಾಗ ಹೇಳಿಕೆ ಕುಸಿದರೆ, ಅದು ಹೇಳಿಕೆಯಲ್ಲಿ ಅಡಗಿದ್ದ ಊಹೆ. "ಮಳೆಗಾಲದ ರಾತ್ರಿ ಘಾಟಿಯಲ್ಲಿ ಭಾರಿ ವಾಹನಗಳು ಸಂಚರಿಸಬಾರದು" ಎಂಬ ಸೂಚನೆಯಲ್ಲಿ ರಾತ್ರಿ ಸಂಚಾರ ಅಪಾಯವೆಂಬ ಊಹೆ ಇದೆ. ಹಗಲಿನಲ್ಲಿ ಅಪಘಾತ ನಡೆಯುವುದೇ ಇಲ್ಲವೆಂಬ ಊಹೆ ಇಲ್ಲ.

## ಆಳದ ನೀರು

ಒಬ್ಬ ಬರೀ ಸತ್ಯ ಹೇಳ್ತಾನೆ, ಇನ್ನೊಬ್ಬ ಬರೀ ಸುಳ್ಳು. ಒಂದೇ ಪ್ರಶ್ನೆ ಕೇಳಿ ದಾರಿ ಹೇಗೆ ತಿಳ್ಕೊಳೋದು?

ತೋಟದ ನಡುವೆ ದಾರಿ ಕವಲೊಡೆದಿದೆ. ಒಂದು ಬೇಲೂರಿಗೆ, ಇನ್ನೊಂದು ಕಾಡಿಗೆ. ಇಬ್ಬರಲ್ಲಿ ಯಾರನ್ನಾದರೂ "ಬೇಲೂರಿನ ದಾರಿ ಯಾವುದೆಂದು ಆ ಇನ್ನೊಬ್ಬನನ್ನು ಕೇಳಿದರೆ ಯಾವುದನ್ನು ತೋರಿಸುತ್ತಾನೆ?" ಎಂದು ಕೇಳಿ. ಸತ್ಯವಂತನು ಸುಳ್ಳುಗಾರನ ಸುಳ್ಳನ್ನು ಇದ್ದಂತೆ ಹೇಳುತ್ತಾನೆ, ಸುಳ್ಳುಗಾರನು ಸತ್ಯವಂತನ ಸತ್ಯವನ್ನು ತಿರುಚುತ್ತಾನೆ. ಎರಡೂ ಸಲ ಕಾಡಿನ ದಾರಿಯೇ ಸಿಗುತ್ತದೆ, ಇನ್ನೊಂದನ್ನು ಹಿಡಿಯಿರಿ. ಈ ವಂಶದ ಒಗಟುಗಳನ್ನು ರೇಮಂಡ್ ಸ್ಮಲ್ಲ್ಯನ್ ಅವರು ನೂರಾರು ಬಗೆಯಲ್ಲಿ ಬೆಳೆಸಿದರು.

ಈ ಉತ್ತರ ಎರಡು ಹೇಳದ ಮಾತುಗಳ ಮೇಲೆ ನಿಂತಿದೆ: ಒಬ್ಬರ ಸ್ವಭಾವ ಇನ್ನೊಬ್ಬರಿಗೆ ಗೊತ್ತು, ಮತ್ತು ಇಬ್ಬರಲ್ಲಿ ಯಾರೂ ಮನಬಂದಂತೆ ಬದಲಾಯಿಸುವುದಿಲ್ಲ. ತರ್ಕಶಾಸ್ತ್ರಜ್ಞ ಜಾರ್ಜ್ ಬೂಲೋಸ್ ಅವರು 1996ರಲ್ಲಿ ಪ್ರಕಟಿಸಿದ ಒಗಟಿನಲ್ಲಿ ಎರಡನೆಯ ಆಸರೆಯನ್ನೇ ಕಿತ್ತರು. ಅಲ್ಲಿ ಮೂವರು ದೇವರಿದ್ದಾರೆ. ಒಬ್ಬ ಸತ್ಯ, ಒಬ್ಬ ಸುಳ್ಳು, ಒಬ್ಬ ಮನಸ್ಸಿಗೆ ಬಂದದ್ದನ್ನು ಹೇಳುತ್ತಾನೆ. ಮೇಲಾಗಿ "ಹೌದು", "ಇಲ್ಲ" ಎಂಬುದಕ್ಕೆ ಅವರು ಬಳಸುವ ಎರಡು ಪದಗಳಲ್ಲಿ ಯಾವುದರ ಅರ್ಥ ಯಾವುದೆಂದು ನಮಗೆ ತಿಳಿಯದು. ಮೂರೇ ಪ್ರಶ್ನೆಗಳಲ್ಲಿ ಮೂವರನ್ನೂ ಗುರುತಿಸಬೇಕು. ಮೊದಲು ಕೇಳಬೇಕಾದ ಪ್ರಶ್ನೆಯ ಗುರಿ, ಮನಬಂದಂತೆ ಹೇಳುವವನಲ್ಲವೆಂದು ಖಚಿತವಾಗಿರುವ ಒಬ್ಬನನ್ನು ಕಂಡುಕೊಳ್ಳುವುದು.

ಮೂರು ಲೋಟದ ಆಟದಲ್ಲಿ ಬದಲಾಯಿಸಿದ್ರೆ ಲಾಭ ಅಂತೀರಿ. ಉಳಿದಿರೋದು ಎರಡು ಲೋಟ, ಅರ್ಧಕ್ಕರ್ಧ ಅಲ್ವಾ?

ಮಗುಚಿಟ್ಟ ಮೂರು ಲೋಟಗಳಲ್ಲಿ ಒಂದರ ಕೆಳಗೆ ಏಲಕ್ಕಿ ಇದೆ. ನೀವು ಒಂದನ್ನು ಮುಟ್ಟುತ್ತೀರಿ. ಎಲ್ಲಿದೆಯೆಂದು ಗೊತ್ತಿರುವ ನಾನು ಉಳಿದ ಎರಡರಲ್ಲಿ ಖಾಲಿಯಾದ ಒಂದನ್ನು ಎತ್ತಿ ತೋರಿಸಿ, ಬದಲಾಯಿಸುತ್ತೀರಾ ಎಂದು ಕೇಳುತ್ತೇನೆ. ನೀವು ಮೊದಲು ಮುಟ್ಟಿದ್ದು ಸರಿಯಾಗಿರುವ ಸಾಧ್ಯತೆ ಮೂರರಲ್ಲಿ ಒಂದು. ನನ್ನ ಕೈಯಾಟದಿಂದ ಅದು ಬದಲಾಗುವುದಿಲ್ಲ, ಏಕೆಂದರೆ ನೀವು ಏನನ್ನೇ ಮುಟ್ಟಿದ್ದರೂ ನಾನೊಂದು ಖಾಲಿ ಲೋಟವನ್ನು ಎತ್ತಿಯೇ ಎತ್ತುತ್ತಿದ್ದೆ. ಆದ್ದರಿಂದ ಉಳಿದ ಲೋಟದ ಪಾಲು ಮೂರರಲ್ಲಿ ಎರಡು. ಸ್ಟೀವ್ ಸೆಲ್ವಿನ್ ಅವರು 1975ರಲ್ಲಿ ಮುಂದಿಟ್ಟ ಈ ಲೆಕ್ಕಕ್ಕೆ ಮರಿಲಿನ್ ವಾಸ್ ಸವಾಂಟ್ ಅವರು 1990ರಲ್ಲಿ ತಮ್ಮ ಪತ್ರಿಕಾ ಅಂಕಣದಲ್ಲಿ ಸರಿಯಾಗಿಯೇ ಉತ್ತರಿಸಿದಾಗ, ಅವರಿಗೆ ಸುಮಾರು 10,000 ಪತ್ರಗಳು ಬಂದವು. ಬಹುಪಾಲು ಪತ್ರಗಳು ಅವರದೇ ತಪ್ಪೆಂದವು. ಬರೆದವರಲ್ಲಿ ಗಣಿತದ ಪ್ರಾಧ್ಯಾಪಕರೂ ಇದ್ದರು.

ಆದರೆ ನಿಮ್ಮ ಅನುಮಾನಕ್ಕೂ ಒಂದು ನೆಲೆ ಇದೆ. ಏಲಕ್ಕಿ ಎಲ್ಲಿದೆಯೆಂದು ತಿಳಿಯದ ಯಾರೋ ಕೈ ತಾಗಿಸಿ ಒಂದು ಲೋಟ ಉರುಳಿ, ಅದು ಖಾಲಿಯಾಗಿ ಕಂಡಿದ್ದರೆ, ಆಗ ಉಳಿದ ಎರಡಕ್ಕೂ ನಿಜವಾಗಿಯೇ ಅರ್ಧಕ್ಕರ್ಧ. ಕಣ್ಣಿಗೆ ಕಂಡದ್ದು ಎರಡೂ ಸಲ ಒಂದೇ. ಅದು ಕಂಡ ಬಗೆ ಬೇರೆ.

ಇದೇ ಬೇರು "ಇಬ್ಬರು ಮಕ್ಕಳ" ಲೆಕ್ಕದಲ್ಲೂ ಇದೆ. ಒಂದು ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬ ಗಂಡು. ಇಬ್ಬರೂ ಗಂಡಾಗಿರುವ ಸಾಧ್ಯತೆ ಎಷ್ಟು? ಮೂರರಲ್ಲಿ ಒಂದು ಎಂದು ನಾನು ಹಲವು ವರ್ಷ ದೃಢವಾಗಿ ಕಲಿಸಿದೆ. "ಆ ಒಬ್ಬ ಗಂಡೆಂದು ನಿಮಗೆ ಹೇಗೆ ತಿಳಿಯಿತು ಎಂಬುದನ್ನು ನೀವು ಹೇಳಲೇ ಇಲ್ಲವಲ್ಲ" ಎಂದು ತರೀಕೆರೆಯ ಕಡೆಯಿಂದ ಬಂದ ಒಂದು ಪತ್ರ ನನ್ನನ್ನು ತಿದ್ದಿತು. "ನಿಮಗೆ ಗಂಡುಮಗು ಇದೆಯೇ?" ಎಂದು ಕೇಳಿ ಹೌದೆಂಬ ಉತ್ತರ ಪಡೆದಿದ್ದರೆ ಮೂರರಲ್ಲಿ ಒಂದು, ಇಬ್ಬರಲ್ಲಿ ಯಾರೋ ಒಬ್ಬರು ಆಕಸ್ಮಿಕವಾಗಿ ಗೇಟಿನ ಬಳಿ ಕಂಡು ಅದು ಗಂಡಾಗಿದ್ದರೆ ಎರಡರಲ್ಲಿ ಒಂದು. 1959ರಲ್ಲಿ ಇದನ್ನು ಪ್ರಸಿದ್ಧಗೊಳಿಸಿದ ಮಾರ್ಟಿನ್ ಗಾರ್ಡ್ನರ್ ಅವರೂ ಪ್ರಶ್ನೆ ಅಸ್ಪಷ್ಟವಾಗಿತ್ತೆಂದು ಮುಂದೆ ಒಪ್ಪಿಕೊಂಡರು. ಆ ಪತ್ರವನ್ನು ನಾನು ಇಂದಿಗೂ ಪಾಠದ ಟಿಪ್ಪಣಿಗಳ ಜೊತೆ ಇಟ್ಟುಕೊಂಡಿದ್ದೇನೆ.

ಕೆಸರು ಹತ್ತಿದ ಮಕ್ಕಳ ಒಗಟಲ್ಲಿ, ಎಲ್ಲರಿಗೂ ಮೊದಲೇ ಗೊತ್ತಿದ್ದ ಮಾತನ್ನ ಮೇಷ್ಟ್ರು ಹೇಳಿದ್ರೆ ಹೊಸದೇನು ಆಗುತ್ತೆ?

ನನಗೆ ಬಹಳ ಪ್ರಿಯವಾದ ಪ್ರಶ್ನೆ ಇದು, ಆದ್ದರಿಂದ ಉದ್ದವಾಗಿ ಉತ್ತರಿಸುತ್ತೇನೆ. ಕೆಸರುಗದ್ದೆಯ ಓಟ ಮುಗಿಸಿ ಬಂದ ಸುಮ, ರವಿ, ಗೌರಿ ಮೂವರ ಹಣೆಯಲ್ಲೂ ಕೆಸರಿದೆ. ಪ್ರತಿಯೊಬ್ಬರಿಗೂ ಇತರರ ಹಣೆ ಕಾಣುತ್ತದೆ, ತನ್ನದು ಕಾಣದು. ಮೇಷ್ಟ್ರು ಎಲ್ಲರೆದುರು "ನಿಮ್ಮಲ್ಲಿ ಒಬ್ಬರ ಹಣೆಯಲ್ಲಾದರೂ ಕೆಸರಿದೆ" ಎಂದು ಹೇಳಿ, "ತನ್ನ ಹಣೆಯಲ್ಲಿ ಕೆಸರಿದೆಯೆಂದು ಖಚಿತವಾಗಿ ಬಲ್ಲವರು ಕೈ ಎತ್ತಿ" ಎನ್ನುತ್ತಾರೆ. ಯಾರೂ ಎತ್ತುವುದಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಮೂವರೂ ಒಟ್ಟಿಗೆ ಎತ್ತುತ್ತಾರೆ.

ಒಬ್ಬರಿಗೆ ಮಾತ್ರ ಕೆಸರಿದ್ದರೆ, ಆ ಮಗುವಿಗೆ ಎರಡು ಶುಭ್ರ ಹಣೆಗಳು ಕಂಡು ಮೊದಲ ಸಲವೇ ಕೈ ಎತ್ತುತ್ತಿತ್ತು. ಎತ್ತಲಿಲ್ಲವಾದ್ದರಿಂದ ಕೆಸರಾದವರು ಇಬ್ಬರಾದರೂ ಇದ್ದಾರೆ. ಇಬ್ಬರೇ ಆಗಿದ್ದರೆ ಅವರಿಬ್ಬರೂ ಎರಡನೆಯ ಸಲ ಎತ್ತುತ್ತಿದ್ದರು. ಅದೂ ಆಗಲಿಲ್ಲ, ಆದ್ದರಿಂದ ಮೂವರು. ಇಲ್ಲಿಯವರೆಗೆ ಎಲ್ಲರೂ ಬರುತ್ತಾರೆ. ಆದರೆ ಪ್ರತಿ ಮಗುವಿಗೂ ಎರಡು ಕೆಸರಿನ ಹಣೆ ಮೊದಲೇ ಕಾಣುತ್ತಿತ್ತಲ್ಲ, ಮೇಷ್ಟ್ರ ಮಾತು ಏನನ್ನು ಕೊಟ್ಟಿತು?

ಸುಮಳ ತಲೆಯೊಳಗೆ ಇಳಿಯಿರಿ. ತನ್ನ ಹಣೆ ಶುಭ್ರವಿರಬಹುದು ಎಂದು ಅವಳು ಯೋಚಿಸುತ್ತಾಳೆ. ಹಾಗಿದ್ದರೆ ರವಿಗೆ ಕಾಣುವುದು ಗೌರಿಯ ಕೆಸರು ಮಾತ್ರ. ಆ ರವಿಯೂ ತನ್ನ ಹಣೆ ಶುಭ್ರವಿರಬಹುದೆಂದು ಯೋಚಿಸಿದರೆ, ಅವನ ಊಹೆಯ ಗೌರಿಗೆ ಕಾಣುವುದು ಎರಡು ಶುಭ್ರ ಹಣೆಗಳು. ಕೆಸರು ಯಾರಿಗಾದರೂ ಇದೆಯೆಂಬುದೇ ಆ ಗೌರಿಗೆ ಗೊತ್ತಿಲ್ಲ. ಅಂದರೆ, ಒಬ್ಬರಿಗಾದರೂ ಕೆಸರಿದೆಯೆಂದು ಸುಮಳಿಗೆ ಗೊತ್ತಿತ್ತು. ರವಿಗೆ ಗೊತ್ತಿದೆಯೆಂದೂ ಅವಳಿಗೆ ಗೊತ್ತಿತ್ತು. "ಗೌರಿಗೆ ಗೊತ್ತಿದೆ ಎಂಬುದು ರವಿಗೆ ಗೊತ್ತಿದೆ" ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಎಲ್ಲರ ಎದುರು ಹೇಳಿದ ಕ್ಷಣದಲ್ಲಿ ಆ ಮೂರನೆಯ ಕೊಂಡಿ ಬೆಸೆಯಿತು. ಅದೇ ಮಾತನ್ನು ಅವರು ಒಬ್ಬೊಬ್ಬರ ಕಿವಿಯಲ್ಲಿ ಗುಟ್ಟಾಗಿ ಉಸುರಿದ್ದರೆ ನೂರು ಸಲ ಕೇಳಿದರೂ ಯಾವ ಕೈಯೂ ಏಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿರುವುದು ಮತ್ತು ಎಲ್ಲರಿಗೂ ಗೊತ್ತಿದೆಯೆಂದು ಎಲ್ಲರಿಗೂ ಗೊತ್ತಿದೆ ಎಂಬುದೂ ಎಲ್ಲರಿಗೂ ಗೊತ್ತಿರುವುದು ಒಂದೇ ಎಂಬುದು ಇಲ್ಲಿ ಅಡಗಿದ್ದ ಊಹೆ, ನಾನು ಕಂಡವುಗಳಲ್ಲಿ ಅತ್ಯಂತ ಸೂಕ್ಷ್ಮವಾದದ್ದು.

ನಾನೇ ಒಂದು ಒಗಟು ಕಟ್ಬೇಕು ಅಂದ್ರೆ ಹೇಗೆ?

ಉತ್ತರದಿಂದ ಹಿಂದಕ್ಕೆ ಬನ್ನಿ. ನಿಮ್ಮ ಸುತ್ತಮುತ್ತ ಎರಡು ಹೆಸರುಳ್ಳ ಒಂದೇ ವಸ್ತುವನ್ನೋ ಒಬ್ಬನೇ ವ್ಯಕ್ತಿಯನ್ನೋ ಹುಡುಕಿ, ಆ ಎರಡು ಹೆಸರುಗಳನ್ನು ಬೇರೆ ಬೇರೆಯಾಗಿ ಬಳಸಿ. ನಮ್ಮ ಕಡೆ ಸೋದರಮಾವನ ಮಗಳನ್ನು ಮದುವೆಯಾಗುವ ರೂಢಿ ಇರುವುದರಿಂದ ನಾನು ಮೊದಲು ಹೀಗೆ ಕಟ್ಟಿದೆ: "ಇಬ್ಬರು ಮಾವಂದಿರನ್ನು ಊಟಕ್ಕೆ ಕರೆದೆ, ಹಾಕಿದ್ದು ಒಂದೇ ಎಲೆ, ಇಬ್ಬರೂ ಹೊಟ್ಟೆ ತುಂಬ ಉಂಡರು." ತಾಳೆ ನೋಡಿದಾಗ ಇದು ನ್ಯಾಯವಾದ ಒಗಟಲ್ಲವೆಂದು ತಿಳಿಯಿತು. ಕರೆದದ್ದು ಒಬ್ಬರನ್ನೇ ಆದ್ದರಿಂದ "ಇಬ್ಬರು" ಎಂಬ ಮಾತು ಸುಳ್ಳು. ಕೇಳುವವನು ತಾನಾಗಿ ಎಣಿಸಿಕೊಳ್ಳಬೇಕಾದ ಸಂಖ್ಯೆಯನ್ನು ನಾನೇ ಹೇಳಿಬಿಟ್ಟಿದ್ದೆ. ಹೀಗೆ ತಿದ್ದಿದೆ: "ನನ್ನ ಸೋದರಮಾವನಿಗೂ ಬಡಿಸಿದೆ, ಹೆಣ್ಣು ಕೊಟ್ಟ ಮಾವನಿಗೂ ಬಡಿಸಿದೆ, ಹಾಕಿದ್ದು ಒಂದೇ ಎಲೆ, ಯಾರೂ ಹಸಿದು ಏಳಲಿಲ್ಲ." ಈಗ ಪ್ರತಿಯೊಂದು ಮಾತೂ ನಿಜ. ಜಗಲಿಯಲ್ಲಿ ಇದನ್ನು ಹೇಳಿದಾಗ ಮೊದಲು ಉತ್ತರಿಸಿದವರು ಮಗಳನ್ನು ಕರೆದೊಯ್ಯಲು ಬಂದು ಮೆಟ್ಟಿಲ ಬಳಿ ನಿಂತಿದ್ದ ಒಬ್ಬ ತಾಯಿ. ತಮ್ಮ ಸೋದರಮಾವನ ಮಗನನ್ನೇ ಮದುವೆಯಾಗಿರುವ ಅವರು, ಆ ಎಲೆಯನ್ನು ತಾವು ಪ್ರತಿ ಯುಗಾದಿಗೂ ಹಾಕುವುದಾಗಿ ಹೇಳಿದರು.